ನಕ್ಷೆಯಿಲ್ಲದ ಊರಿಗೆ ವಿದ್ಯಾರ್ಥಿಗಳು ದಾರಿ ಬರೆದರು

2010ರ ಜನವರಿ 12ರ ಸಂಜೆ 4 ಗಂಟೆ 53 ನಿಮಿಷಕ್ಕೆ ಕೆರಿಬಿಯನ್ ರಾಷ್ಟ್ರ ಹೈಟಿಯ ನೆಲ ನಡುಗಿತು. ತೀವ್ರತೆ 7.0. ಕೇಂದ್ರಬಿಂದು ರಾಜಧಾನಿ ಪೋರ್ಟ್ ಔ ಪ್ರಿನ್ಸ್‌ನಿಂದ ಪಶ್ಚಿಮಕ್ಕೆ ಬರೀ 25 ಕಿಲೋಮೀಟರ್ ದೂರದಲ್ಲಿತ್ತು. ಅಧ್ಯಕ್ಷರ ಅರಮನೆ ಕುಸಿಯಿತು. ವಿಶ್ವಸಂಸ್ಥೆಯ ಶಾಂತಿಪಾಲನಾ ಕಾರ್ಯಾಚರಣೆಯ ಕೇಂದ್ರ ಕಚೇರಿ ಬಿದ್ದು, ಅದರ ಮುಖ್ಯಸ್ಥ ಹೆದಿ ಅನ್ನಾಬಿ ಅದರಡಿಯಲ್ಲೇ ಸತ್ತರು. ದೇಶದ ನಕ್ಷೆಗಳನ್ನು ತಯಾರಿಸುತ್ತಿದ್ದ ಸರ್ಕಾರಿ ಕಚೇರಿಯೂ ಉಳಿಯಲಿಲ್ಲ. ಹಲವು ದೇಶಗಳ ರಕ್ಷಣಾ ತಂಡಗಳು ಬಂದಿಳಿದವು. ಬಂದವರ ಬಳಿ ನಾಯಿಗಳಿದ್ದವು, ಗರಗಸಗಳಿದ್ದವು, ಔಷಧಗಳಿದ್ದವು. ಊರಿನ ಸಂದಿಗೊಂದಿಗಳನ್ನು ತೋರಿಸುವ ನಕ್ಷೆ ಮಾತ್ರ ಇರಲಿಲ್ಲ. ಅಂತರ್ಜಾಲದಲ್ಲಿ ಸಿಗುತ್ತಿದ್ದ ನಕ್ಷೆಗಳಲ್ಲೂ ಕೆಲವು ಮುಖ್ಯ ರಸ್ತೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ಖಾಲಿ.

ಆ ಖಾಲಿ ಜಾಗವನ್ನು ತುಂಬಿದವರಲ್ಲಿ ಹಲವರು ಹೈಟಿಯನ್ನು ಕಣ್ಣಾರೆ ಕಂಡವರಲ್ಲ. ಸಾವಿರಾರು ಕಿಲೋಮೀಟರ್ ಆಚೆ, ಹಿಮ ಬೀಳುತ್ತಿದ್ದ ಊರುಗಳ ಹಾಸ್ಟೆಲ್ ಕೋಣೆಗಳಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ವಿದ್ಯಾರ್ಥಿಗಳು. ವಿಪತ್ತು ನಿರ್ವಹಣೆಯ ಪಾಠ ಹೇಗಿರಬೇಕು ಎಂಬ ಪ್ರಶ್ನೆಗೆ ವಿಶ್ವವಿದ್ಯಾಲಯಗಳು ಹೊಸ ಉತ್ತರ ಹುಡುಕಿಕೊಂಡದ್ದು ಅವರ ಕೆಲಸದಿಂದ, ಜೊತೆಗೆ ಅವರು ಎಡವಿದ ಕಡೆಗಳಿಂದ.

ವಿಪತ್ತಿನ ಅಧ್ಯಯನ ವಿಶ್ವವಿದ್ಯಾಲಯಗಳಿಗೆ ಹೊಸದೇನಲ್ಲ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1963ರಲ್ಲೇ ವಿಪತ್ತು ಸಂಶೋಧನಾ ಕೇಂದ್ರ ಶುರುವಾಗಿತ್ತು. 1983ರಲ್ಲಿ ಉತ್ತರ ಟೆಕ್ಸಾಸ್ ವಿಶ್ವವಿದ್ಯಾಲಯ ಈ ವಿಷಯದಲ್ಲಿ ಪದವಿಯನ್ನೇ ಕೊಡಲು ಆರಂಭಿಸಿತು. ಅಪಾಯ ತಗ್ಗಿಸುವುದು, ಸಿದ್ಧತೆ, ರಕ್ಷಣೆ, ಪುನರ್ನಿರ್ಮಾಣ ಎಂಬ ನಾಲ್ಕು ಹಂತಗಳ ಸುತ್ತ ಪಾಠ ನಡೆಯುತ್ತಿತ್ತು. ನಕ್ಷೆಯ ತಂತ್ರಜ್ಞಾನ ಭೂಗೋಳ ವಿಭಾಗದ ಸೊತ್ತಾಗಿತ್ತು, ಜಿಐಎಸ್ ಎಂಬ ಆ ತಂತ್ರಜ್ಞಾನ ಕಲಿತವರು ಬೇರೆ, ವಿಪತ್ತಿನ ಪಾಠ ಓದಿದವರು ಬೇರೆ.

ಎರಡನ್ನೂ ಒಂದೇ ಮೇಜಿಗೆ ತಂದ ಮೊದಲ ದೊಡ್ಡ ಪ್ರಸಂಗ ನ್ಯೂಯಾರ್ಕಿನದು. 2001ರ ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳ ಜೊತೆಗೆ ಪಕ್ಕದ ಏಳನೇ ಕಟ್ಟಡವೂ ಬಿತ್ತು. ನಗರದ ತುರ್ತು ಕಾರ್ಯಾಚರಣೆ ಕೇಂದ್ರ ಇದ್ದದ್ದು ಅದೇ ಕಟ್ಟಡದ 23ನೇ ಮಹಡಿಯಲ್ಲಿ. ನಗರದ ಡಿಜಿಟಲ್ ನಕ್ಷೆಯನ್ನು ರೂಪಿಸಿದ್ದು ಹಂಟರ್ ಕಾಲೇಜಿನ ಪ್ರಾಧ್ಯಾಪಕ ಶಾನ್ ಅಹರ್ನ್ ಅವರ ಪ್ರಯೋಗಾಲಯ. ಹಾಗಾಗಿ ಅದರ ಪ್ರತಿ ಕಾಲೇಜಿನಲ್ಲಿ ಸುರಕ್ಷಿತವಾಗಿತ್ತು. ಹಡ್ಸನ್ ನದಿಯ ದಡದ ಹಡಗುಕಟ್ಟೆಯೊಂದರಲ್ಲಿ ತಾತ್ಕಾಲಿಕ ನಕ್ಷಾ ಕೇಂದ್ರ ತೆರೆದು, ಹಗಲೂ ರಾತ್ರಿ ಅಗ್ನಿಶಾಮಕರಿಗೆ, ಎಂಜಿನಿಯರುಗಳಿಗೆ ನಕ್ಷೆ ಅಚ್ಚುಹಾಕಿ ಕೊಟ್ಟರು. ಶ್ರೀಮಂತ ನಗರಕ್ಕೆ ಕನಿಷ್ಠ ಒಂದು ಪ್ರತಿ ಉಳಿದಿತ್ತು. ನಕ್ಷೆಯೇ ಇಲ್ಲದ ಬಡ ಊರಿನ ಗತಿಯೇನು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಅದಕ್ಕೆ ಬೇಕಾದ ಸಾಮಗ್ರಿ ಮುಂದಿನ ಎಂಟು ವರ್ಷಗಳಲ್ಲಿ ಬೇರೆ ಬೇರೆ ಕಡೆ ಸಿದ್ಧವಾಯಿತು. 2004ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದುತ್ತಿದ್ದ ಸ್ಟೀವ್ ಕೋಸ್ಟ್, ಯಾರು ಬೇಕಾದರೂ ತಿದ್ದಬಹುದಾದ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ‘ಓಪನ್‌ಸ್ಟ್ರೀಟ್‌ಮ್ಯಾಪ್’ ಶುರುಮಾಡಿದ. 2008ರ ಜನವರಿಯಲ್ಲಿ, ಚುನಾವಣೆಯ ನಂತರದ ಹಿಂಸೆಯಲ್ಲಿ ಕೀನ್ಯಾ ಬೇಯುತ್ತಿದ್ದಾಗ, ಓರಿ ಒಕೊಲೊ ಮತ್ತು ಗೆಳೆಯರು ‘ಉಷಾಹಿದಿ’ ಕಟ್ಟಿದರು. ಎಲ್ಲಿ ಏನಾಯಿತೆಂದು ಜನರು ಮೊಬೈಲಿನಿಂದ ತಿಳಿಸಿದರೆ ಅದು ನಕ್ಷೆಯ ಮೇಲೆ ಚುಕ್ಕೆಯಾಗಿ ಮೂಡುವ ವ್ಯವಸ್ಥೆ ಅದು. 2009ರ ಅಕ್ಟೋಬರಿನಲ್ಲಿ ಕ್ಲೀವ್‌ಲೆಂಡ್ ಬಳಿಯ ಜಾನ್ ಕ್ಯಾರೊಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ ಜೆನ್ ಜೀಮ್ಕಿ ಮತ್ತು ಸಂಶೋಧನಾ ವಿದ್ಯಾರ್ಥಿ ಪ್ಯಾಟ್ರಿಕ್ ಮೈಯರ್ ಸೇರಿ ಬಿಕ್ಕಟ್ಟಿನ ನಕ್ಷೆಗಳ ಬಗ್ಗೆ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿದರು. ಅಲ್ಲಿ ಪರಿಚಯವಾದವರೆಲ್ಲ ಮೂರೇ ತಿಂಗಳಲ್ಲಿ ಒಬ್ಬರಿಗೊಬ್ಬರು ಬೇಕಾಗುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ.

ಹೈಟಿಯ ಸುದ್ದಿ ಟಿವಿಯಲ್ಲಿ ಬಂದಾಗ ಮೈಯರ್ ಬಾಸ್ಟನ್ ಬಳಿಯ ಟಫ್ಟ್ಸ್ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದ. ಅವನಿಗೆ ಬೇಕಾದವರೇ ಆಗ ಪೋರ್ಟ್ ಔ ಪ್ರಿನ್ಸ್‌ನಲ್ಲಿದ್ದರು. ಅವರು ಬದುಕಿದ್ದಾರೆಯೇ ಎಂಬುದು ಹಲವು ತಾಸು ತಿಳಿಯಲಿಲ್ಲ. ಕೈಕಟ್ಟಿ ಕೂರಲಾಗದೆ ಉಷಾಹಿದಿಯ ಡೇವಿಡ್ ಕೋಬಿಯಾಗೆ ಫೋನ್ ಮಾಡಿದ. ಅದೇ ರಾತ್ರಿ ಹೈಟಿಯ ನಕ್ಷೆಯೊಂದು ಅಂತರ್ಜಾಲಕ್ಕೆ ಬಂತು. ಟ್ವಿಟರ್, ಫೇಸ್‌ಬುಕ್, ಸುದ್ದಿವಾಹಿನಿಗಳಿಂದ ಮಾಹಿತಿ ಹೆಕ್ಕಿ ಒಬ್ಬನೇ ಗುರುತು ಹಾಕುತ್ತಾ ಹೋದರೆ ಮುಗಿಯುವಂತಿರಲಿಲ್ಲ. ಸಹಪಾಠಿಗಳಿಗೆ ಮೇಲ್ ಬರೆದ. ಕೆಲವೇ ದಿನಗಳಲ್ಲಿ ಅವನ ಕೋಣೆ ನಿಯಂತ್ರಣ ಕೊಠಡಿಯಾಯಿತು. ತರಬೇತಿ ಪಡೆದ, ಟಫ್ಟ್ಸ್‌ನದೇ ಫ್ಲೆಚರ್ ಸ್ಕೂಲಿನ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ಕೂತರು. ಜಿನೀವಾ, ಲಂಡನ್, ಪೋರ್ಟ್‌ಲೆಂಡ್‌ಗಳಲ್ಲೂ ಗುಂಪುಗಳು ಹುಟ್ಟಿಕೊಂಡವು.

ಅಷ್ಟರಲ್ಲಿ ಹೈಟಿಯಲ್ಲಿ 4636 ಎಂಬ ನಂಬರಿಗೆ ಉಚಿತ ಎಸ್ಸೆಮ್ಮೆಸ್ ಕಳಿಸುವ ಏರ್ಪಾಡಾಯಿತು. ಸ್ಥಳೀಯ ರೇಡಿಯೊಗಳು ಆ ನಂಬರನ್ನು ಸಾರಿದವು. ಸಂದೇಶಗಳು ಬಂದದ್ದು ಹೈಟಿಯ ಕ್ರಿಯೋಲ್ ಭಾಷೆಯಲ್ಲಿ. ಕೋಣೆಯಲ್ಲಿದ್ದವರಲ್ಲಿ ಬಹುತೇಕರಿಗೆ ಅದು ಬಾರದು. ಆಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರಾಬರ್ಟ್ ಮನ್ರೊ ಹಲವು ದೇಶಗಳಲ್ಲಿ ಚದುರಿದ್ದ ಹೈಟಿ ಮೂಲದ ಸಾವಿರಕ್ಕೂ ಹೆಚ್ಚು ಜನರನ್ನು ಅನುವಾದಕ್ಕೆ ಜೋಡಿಸಿದ. ಅವರು ಅರ್ಥ ಹೇಳಿದ್ದಷ್ಟೇ ಅಲ್ಲ. ‘ಆ ಚರ್ಚಿನ ಹಿಂದೆ’, ‘ಇಂಥ ಅಂಗಡಿಯ ಎದುರು’ ಎಂಬಂಥ ಗುರುತುಗಳು ಯಾವ ಓಣಿಯವು ಎಂದು ನೆನಪಿನಿಂದ ತೋರಿಸಿದರು. ಅದೇ ಗುರುತನ್ನು ವಿದ್ಯಾರ್ಥಿಗಳು ನಕ್ಷೆಯ ಮೇಲೆ ಹುಡುಕಿ, ಅಕ್ಷಾಂಶ ರೇಖಾಂಶ ಬರೆದು, ರಕ್ಷಣಾ ತಂಡಗಳಿಗೆ ದಾಟಿಸಿದರು.

ಹುಡುಕಲು ಬೀದಿ ಇರಬೇಕಲ್ಲ? ಅದನ್ನು ಬಿಡಿಸಿದವರು ಓಪನ್‌ಸ್ಟ್ರೀಟ್‌ಮ್ಯಾಪಿನ ಸ್ವಯಂಸೇವಕರು. ಖಾಸಗಿ ಉಪಗ್ರಹ ಕಂಪನಿಗಳು ತಮ್ಮ ಚಿತ್ರಗಳನ್ನು ಬಿಟ್ಟುಕೊಟ್ಟವು. ವಿಶ್ವಬ್ಯಾಂಕಿನ ಹಣದಲ್ಲಿ ರಾಚೆಸ್ಟರ್ ತಂತ್ರಜ್ಞಾನ ಸಂಸ್ಥೆಯ ತಜ್ಞರು, ಮೂಲತಃ ಕಾಳ್ಗಿಚ್ಚು ಪತ್ತೆಗೆ ರೂಪಿಸಿದ್ದ ಕ್ಯಾಮೆರಾವನ್ನು ವಿಮಾನಕ್ಕೆ ಕಟ್ಟಿ ಹೈಟಿಯ ಮೇಲೆ ಹಾರಿಸಿದರು. ಆ ಚಿತ್ರಗಳ ಮೇಲೆ ಗೆರೆ ಎಳೆಯುತ್ತಾ ಮೊದಲ ಒಂದು ತಿಂಗಳಲ್ಲಿ 600ಕ್ಕೂ ಹೆಚ್ಚು ಮಂದಿ ಪೋರ್ಟ್ ಔ ಪ್ರಿನ್ಸ್‌ನ ರಸ್ತೆ, ಕಟ್ಟಡ, ನಿರಾಶ್ರಿತರ ಶಿಬಿರಗಳನ್ನು ನಕ್ಷೆಗೆ ತಂದರು. ರಕ್ಷಣಾ ತಂಡದವರು ಅದನ್ನು ಜಿಪಿಎಸ್ ಸಾಧನಗಳಿಗೆ ಇಳಿಸಿಕೊಂಡರು. ವಿದ್ಯಾರ್ಥಿಗಳ ಬಿಕ್ಕಟ್ಟಿನ ನಕ್ಷೆಯನ್ನು ಅಮೆರಿಕದ ತುರ್ತು ನಿರ್ವಹಣಾ ಸಂಸ್ಥೆಯ ಮುಖ್ಯಸ್ಥ ಕ್ರೇಗ್ ಫ್ಯೂಗೇಟ್ ಬಹಿರಂಗವಾಗಿ ಮೆಚ್ಚಿದರು.

ಕತೆ ಇಲ್ಲಿಗೇ ನಿಂತಿದ್ದರೆ ಅದು ಬರೀ ಸಾಹಸಗಾಥೆಯಾಗುತ್ತಿತ್ತು. ಪಾಠ ಹುಟ್ಟಿದ್ದು ಆಮೇಲೆ. 2011ರಲ್ಲಿ ಟುಲೇನ್ ವಿಶ್ವವಿದ್ಯಾಲಯದ ತಂಡ ಉಷಾಹಿದಿಯ ಈ ಹೈಟಿ ಯೋಜನೆಯನ್ನು ಸ್ವತಂತ್ರವಾಗಿ ಪರಿಶೀಲಿಸಿತು. ಮೊದಲ ದಿನಗಳಲ್ಲಿ ಏನಾಗುತ್ತಿದೆ ಎಂಬ ಚಿತ್ರಣ ಕೊಡಲು ನಕ್ಷೆ ನೆರವಾಗಿತ್ತು. ಆದರೆ ದೊಡ್ಡ ಪರಿಹಾರ ಸಂಸ್ಥೆಗಳು ಅದನ್ನು ಬಳಸಿದ್ದು ಕಡಿಮೆ. ಅವರಿಗೆ ಅದರ ಪರಿಚಯವಿರಲಿಲ್ಲ, ಜನಸಾಮಾನ್ಯರು ಕಳಿಸಿದ ಮಾಹಿತಿಯ ಮೇಲೆ ಭರವಸೆಯೂ ಇರಲಿಲ್ಲ. ಇನ್ನೊಂದು ಆಕ್ಷೇಪವೂ ಬಂತು. ಸಂಕಷ್ಟದಲ್ಲಿದ್ದವರ ಸಂದೇಶಗಳನ್ನು ಎಲ್ಲರೂ ನೋಡುವಂತೆ ಹಾಕಿದ್ದು ಸರಿಯೇ? ಅದೇ 2011ರಲ್ಲಿ ಲಿಬಿಯಾದ ಯುದ್ಧಕಾಲದಲ್ಲಿ ವಿಶ್ವಸಂಸ್ಥೆಯೇ ಸ್ವಯಂಸೇವಕರಿಂದ ನಕ್ಷೆ ಕೇಳಿದಾಗ, ಪೂರ್ಣ ವಿವರದ ನಕ್ಷೆಗೆ ಬೀಗ ಹಾಕಿ, ವಿವರ ಕಳೆದ ಪ್ರತಿಯನ್ನಷ್ಟೇ ತಡವಾಗಿ ಹೊರಗಿಟ್ಟರು.

ಎಲ್ಲಕ್ಕಿಂತ ದೊಡ್ಡ ಲೋಪ ಬೇರೆಯದೇ ಇತ್ತು. ನಕ್ಷೆ ಬರೆಯಲು ಕೂತದ್ದೇ ನೆಲ ನಡುಗಿದ ಮೇಲೆ. ಅವಶೇಷಗಳಡಿ ಸಿಕ್ಕವರಿಗೆ ಮೊದಲ ಎರಡು ಮೂರು ದಿನಗಳೇ ಜೀವ, ಆ ದಿನಗಳು ಬೀದಿ ಬಿಡಿಸುವುದರಲ್ಲೇ ಕಳೆದವು.

ಇದನ್ನು ತಿದ್ದಿ ತೋರಿಸಿದ ಊರು ಕಠ್ಮಂಡು. ಜನ ಯಾಕೆ ಬಿಟ್ಟಿಯಾಗಿ ನಕ್ಷೆ ಬರೆಯುತ್ತಾರೆ ಎಂಬ ವಿಷಯದ ಮೇಲೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ನಾಮ ಬುಢಾಥೋಕಿ ನೇಪಾಳಕ್ಕೆ ಮರಳಿದರು. ಭೂಕಂಪ ಆಗೇ ಆಗುತ್ತದೆಂದು ಭೂವಿಜ್ಞಾನಿಗಳು ಎಚ್ಚರಿಸುತ್ತಿದ್ದ ಊರು ಅದು. 2012ರ ಕೊನೆಯಲ್ಲಿ ವಿಶ್ವಬ್ಯಾಂಕಿನ ಯೋಜನೆಯಡಿ ಅವರು ಸ್ಥಳೀಯ ಕಾಲೇಜುಗಳ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಠ್ಮಂಡು ಕಣಿವೆಯ ಶಾಲೆ, ಆಸ್ಪತ್ರೆ, ಗಲ್ಲಿಗಳನ್ನು ಗುರುತಿಸತೊಡಗಿದರು. ‘ಕಠ್ಮಂಡು ಲಿವಿಂಗ್ ಲ್ಯಾಬ್ಸ್’ ಹುಟ್ಟಿದ್ದು ಹೀಗೆ. 2015ರ ಏಪ್ರಿಲ್ 25ರಂದು 7.8 ತೀವ್ರತೆಯ ಭೂಕಂಪ ಬಂದಾಗ ರಾಜಧಾನಿಯ ನಕ್ಷೆ ಕೈಯಲ್ಲಿತ್ತು. ಪ್ರಪಂಚದಾದ್ಯಂತದ ಸಾವಿರಾರು ಸ್ವಯಂಸೇವಕರು ಗುಡ್ಡಗಾಡಿನ ಹಳ್ಳಿಗಳ ಕಡೆ ಗಮನ ಕೊಡಲು ಸಾಧ್ಯವಾಯಿತು. ನೇಪಾಳದ ಸೇನೆಯೂ ಆ ನಕ್ಷೆಗಳನ್ನು ಬಳಸಿತು.

ಅದೇ ವರ್ಷದ ಕೊನೆಗೆ ಈ ಅನುಭವ ತರಗತಿಯೊಳಗೆ ನೆಲೆ ಕಂಡುಕೊಂಡಿತು. ಟೆಕ್ಸಾಸ್ ಟೆಕ್, ಜಾರ್ಜ್ ವಾಷಿಂಗ್ಟನ್, ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯಗಳು ಅಮೆರಿಕದ ನೆರವು ಸಂಸ್ಥೆಯ ಜೊತೆ ಸೇರಿ ‘ಯೂತ್‌ಮ್ಯಾಪರ್ಸ್’ ಆರಂಭಿಸಿದವು. ಇಂದು 60ಕ್ಕೂ ಹೆಚ್ಚು ದೇಶಗಳ ಕಾಲೇಜುಗಳಲ್ಲಿ ಅದರ ಘಟಕಗಳಿವೆ. ಪಾಠದ ರೀತಿ ಸರಳ. ಅಪಾಯದ ಪ್ರದೇಶವನ್ನು ಚೌಕಾಬಾರದ ಮಣೆಯಂತೆ ಚೌಕಚೌಕವಾಗಿ ಭಾಗಿಸುತ್ತಾರೆ. ಒಬ್ಬ ವಿದ್ಯಾರ್ಥಿ ಒಂದು ಚೌಕ ಹಿಡಿದು, ಉಪಗ್ರಹ ಚಿತ್ರ ನೋಡಿ ರಸ್ತೆ, ಮನೆ, ಹಳ್ಳ ಬಿಡಿಸುತ್ತಾನೆ. ಅನುಭವಿಯೊಬ್ಬರು ಅದನ್ನು ತಪಾಸಣೆ ಮಾಡುತ್ತಾರೆ. ಸ್ಥಳೀಯರು ನಡೆದು ನೋಡಿ ಹೆಸರು ಸೇರಿಸುತ್ತಾರೆ. ಪರೀಕ್ಷೆಗೆಂದು ಬರೆದ ಉತ್ತರಪತ್ರಿಕೆ ರದ್ದಿಗೆ ಹೋಗುತ್ತದೆ, ಈ ಹೋಂವರ್ಕ್ ಮಾತ್ರ ಆಂಬುಲೆನ್ಸ್ ಚಾಲಕನ ಕೈಸೇರುತ್ತದೆ.

ನಕ್ಷೆಯನ್ನು ಅನಾಹುತಕ್ಕೆ ಮುಂಚೆ ಬರೆದಿಡಬೇಕು, ಅದಕ್ಕೆ ಬೇಕಾದ ಕೈಗಳು ಮತ್ತು ಸಮಯ ಎರಡೂ ಇರುವ ಜಾಗ ಕಾಲೇಜು. ಈ ಕತೆಯಲ್ಲಿ ನಿಜವಾಗಿ ಸಿಕ್ಕ ಆವಿಷ್ಕಾರ ಇದೇ. ಉಪಗ್ರಹ, ಮೊಬೈಲು, ತಂತ್ರಾಂಶಗಳೆಲ್ಲ ಆಗಲೇ ಇದ್ದವು.

ನಮಗೂ ಇದು ದೂರದ ಮಾತಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದವು, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿತ್ತು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಊರಿನ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಯಾವ ಹಾಡಿಗೆ ಯಾವ ಕಾಲುದಾರಿ, ಯಾವ ಮಜರೆಯ ಸೇತುವೆ ಮಳೆಗಾಲದಲ್ಲಿ ಮುಳುಗುತ್ತದೆ ಎಂಬುದು ಉಪಗ್ರಹಕ್ಕೆ ಕಾಣದು, ಅಲ್ಲಿನ ವಿದ್ಯಾರ್ಥಿಗೆ ಗೊತ್ತು. ಕಾಲೇಜಿನ ಮೇಷ್ಟ್ರುಗಳು ಒಂದು ಮಧ್ಯಾಹ್ನದ ತರಗತಿಯನ್ನು ಇದಕ್ಕೆ ಬಿಟ್ಟುಕೊಡಲಿ. ಮುಂದಿನ ಮಳೆಗಾಲದೊಳಗೆ ನೀವೂ ನಿಮ್ಮೂರನ್ನು ಆ ನಕ್ಷೆಯಲ್ಲಿ ತೆರೆದು ನೋಡಿ. ಇಲ್ಲದ್ದನ್ನು ಸೇರಿಸಿ.