ಸಾಲಿಗ್ರಾಮದ ಚಕ್ರ ಯಾವ ಜೀವಿಯದು?

ಕುಕ್ಕೆ ಸುಬ್ರಹ್ಮಣ್ಯದ ಮಾಧ್ವ ಮಠದಲ್ಲಿಯೂ ಸುಳ್ಯ, ಪುತ್ತೂರು, ಕಡಬ ಸೀಮೆಯ ಅನೇಕ ಮನೆಗಳಲ್ಲಿಯೂ ಸಾಲಿಗ್ರಾಮಕ್ಕೆ ನಿತ್ಯಪೂಜೆ ಸಲ್ಲುತ್ತದೆ. ನೇಪಾಳದ ಕಾಳಿಗಂಡಕಿ ನದಿಯ ಪಾತ್ರದಲ್ಲಿ ದೊರೆಯುವ ಈ ಕಪ್ಪು ಶಿಲೆಯೊಳಗಿನ ಚಕ್ರವನ್ನು ವಜ್ರಕೀಟವೆಂಬ ಹುಳು ಕೊರೆಯಿತೆಂಬುದು ಪರಂಪರೆಯ ನಂಬಿಕೆ. ಪೂಜೆಯ ಅರ್ಥವನ್ನು ನಿರ್ಣಯಿಸುವುದು ವಿಜ್ಞಾನದ ಕೆಲಸವಲ್ಲ. ಆದರೆ ಚಕ್ರದ ಮೂಲವನ್ನು ಅದು ಖಚಿತವಾಗಿ ಹೇಳಬಲ್ಲದು. ಹಿಮಾಲಯ ಏಳುವುದಕ್ಕೆ ಮೊದಲು ಅಲ್ಲಿದ್ದ ಟೆಥಿಸ್ ಸಾಗರದಲ್ಲಿ, ಸುಮಾರು 15 ಕೋಟಿ ವರ್ಷಗಳ ಹಿಂದೆ, ಬದುಕಿದ್ದ ಆಮೋನೈಟ್ ಎಂಬ ಜೀವಿಗಳ ಚಿಪ್ಪುಗಳು ತಳದ ಕೆಸರಿನಲ್ಲಿ ಹೂತು, ಆ ಕೆಸರು ಗಟ್ಟಿಯಾಗಿ ಕಲ್ಲಾದಾಗ ಉಳಿದ ಅಚ್ಚೇ ಆ ಚಕ್ರ.

ಇಷ್ಟನ್ನು ಒಪ್ಪಿದವರಲ್ಲಿಯೂ ಇನ್ನೊಂದು ತಪ್ಪು ಕಲ್ಪನೆ ಉಳಿದಿರುತ್ತದೆ: ಸುರುಳಿ ಇರುವುದರಿಂದ ಆಮೋನೈಟ್ ಶಂಖದ ಅಥವಾ ಬಸವನಹುಳುವಿನ ಪೂರ್ವಜವಾಗಿರಬೇಕು ಎಂಬುದು. ಮೆತ್ತನೆಯ, ಬೆನ್ನೆಲುಬಿಲ್ಲದ ಮೃದ್ವಂಗಿಗಳ ದೊಡ್ಡ ವಂಶದಲ್ಲಿ ಬಸವನಹುಳು ಮತ್ತು ಶಂಖ ಉದರಪಾದಿಗಳು, ಅಂದರೆ ಹೊಟ್ಟೆಯ ಅಡಿಭಾಗವನ್ನೇ ಪಾದವಾಗಿಸಿಕೊಂಡು ತೆವಳುವಂಥವು; ಕರಾವಳಿಯವರು ತಿನ್ನುವ ಮರುವಾಯಿ ಎರಡು ಚಿಪ್ಪುಗಳ ದ್ವಿಕವಾಟಿ; ತಲೆಯ ಸುತ್ತ ಬಾಹುಗಳಿರುವ ಆಕ್ಟೋಪಸ್ ಮತ್ತು ಮಂಗಳೂರಿನ ಮೀನು ಮಾರುಕಟ್ಟೆಯ ಬೊಂಡಾಸ್ ಶಿರಪಾದಿಗಳು. ಆಮೋನೈಟ್ ಈ ಕೊನೆಯ ಗುಂಪಿಗೆ ಸೇರಿದ್ದು.

ಇದರ ಸಾಕ್ಷಿ ಚಿಪ್ಪಿನ ಒಳಗಿದೆ. ಮಳೆಗಾಲದಲ್ಲಿ ಅಡಿಕೆ ತೋಟದಲ್ಲಿ ಕಾಣುವ ಬಸವನಹುಳುವಿನ ಚಿಪ್ಪು ಬಾಯಿಯಿಂದ ತುದಿಯವರೆಗೂ ಒಂದೇ ಕೊಳವೆ. ಆಮೋನೈಟಿನ ಚಿಪ್ಪಿನಲ್ಲಾದರೋ ಸಾಲುಸಾಲಾಗಿ ಅಡ್ಡಗೋಡೆಗಳಿದ್ದು, ಜೀವಿ ಕೊನೆಯ ಕೋಣೆಯಲ್ಲಿ ಮಾತ್ರ ವಾಸಿಸುತ್ತಿತ್ತು. ಹಿಂದಿನ ಕೋಣೆಗಳನ್ನೆಲ್ಲ ಹಾದುಹೋಗುವ ಸಣ್ಣ ನಾಳ ಅಲ್ಲಿನ ನೀರನ್ನು ಹೀರಿ ಅನಿಲಕ್ಕೆ ಎಡೆಮಾಡಿಕೊಟ್ಟು, ಜೀವಿ ನೀರಿನಲ್ಲಿ ತೇಲುವಂತೆ ಮಾಡುತ್ತಿತ್ತು. ಇಬ್ಭಾಗವಾದ ಸಾಲಿಗ್ರಾಮಗಳಲ್ಲಿ ಈ ಗೋಡೆಗಳ ಗುರುತು ಬರಿಗಣ್ಣಿಗೇ ಕಾಣುವುದುಂಟು. ಇದೇ ಬಗೆಯ ಕೋಣೆಗಳು, ತೀರ ಕಿರಿದಾಗಿ, ಗ್ರಂಥಿಗೆ ಅಂಗಡಿಯ ಸಮುದ್ರನೊರೆಯಲ್ಲಿಯೂ ಇವೆ. ಹೆಪ್ಪುಗಟ್ಟಿದ ಕಡಲ ನೊರೆಯೆಂದು ಹಲವರು ತಿಳಿದಿರುವ ಆ ಬಿಳಿಯ ತುಂಡು ವಾಸ್ತವವಾಗಿ ಬೊಂಡಾಸಿನ ಬಳಗದ ಕಟಲ್‌ಫಿಶ್‌ನ ಒಳಚಿಪ್ಪು. ಬೊಂಡಾಸನ್ನು ಹಸನು ಮಾಡುವಾಗ ಬೆನ್ನಿನೊಳಗಿಂದ ಎಳೆದು ಬಿಸಾಡುವ ಪಾರದರ್ಶಕ ಕಡ್ಡಿಯೂ ಪೂರ್ವಜರ ಚಿಪ್ಪಿನ ಅವಶೇಷವೇ ಆಗಿದೆ.

ಹಾಗಿದ್ದರೆ, ಇಂದಿಗೂ ಸುರುಳಿ ಚಿಪ್ಪಿನೊಡನೆ ಬದುಕಿರುವ ನಾಟಿಲಸ್ಸೇ ಆಮೋನೈಟಿನ ಅತಿ ಹತ್ತಿರದ ನಂಟನೆಂದು ತೋರುವುದು ಸಹಜ; ಆದರೆ ಅದೂ ಸರಿಯಲ್ಲ. ಆಹಾರವನ್ನು ಕೆರೆಯುವ ಹಲ್ಲುಪಟ್ಟಿಯ ಒಂದೊಂದು ಸಾಲಿನಲ್ಲಿ ನಾಟಿಲಸ್ಸಿಗೆ 13 ಭಾಗಗಳಿದ್ದರೆ, ಆಮೋನೈಟಿಗೂ ಬೊಂಡಾಸ್-ಆಕ್ಟೋಪಸ್ ಕವಲಿಗೂ ಇರುವುದು 9. ಹೊರರೂಪಕ್ಕಿಂತ ಇಂಥ ಸೂಕ್ಷ್ಮ ಅಂಗರಚನೆ ನಂಟನ್ನು ಹೆಚ್ಚು ನಂಬಿಕೆಗೆ ಅರ್ಹವಾಗಿ ತಿಳಿಸುತ್ತದೆ.

ಚಿಪ್ಪು ಕಳೆದುಕೊಂಡ ಬಸವನಹುಳುವೇ ಕ್ರಮೇಣ ಆಕ್ಟೋಪಸ್ ಆಯಿತೆಂಬ ಊಹೆಗೂ ಆಧಾರವಿಲ್ಲ. ಶಿರಪಾದಿಗಳು ಸುಮಾರು 50 ಕೋಟಿ ವರ್ಷಗಳ ಹಿಂದೆಯೇ ಬೇರೆ ಕವಲಾಗಿದ್ದವು. ಚಿಪ್ಪು ಕುಗ್ಗುವುದು ಅಥವಾ ಕಳಚುವುದು ಬೇರೆ ಬೇರೆ ಕವಲುಗಳಲ್ಲಿ ಪ್ರತ್ಯೇಕವಾಗಿ ನಡೆದಿದೆ. ಆಕ್ಟೋಪಸ್ ಅನ್ಯಗ್ರಹದಿಂದ ಬಂದದ್ದೆಂಬ ಮಾತಂತೂ ನಿಲ್ಲಲಾರದು, ಏಕೆಂದರೆ 2015ರಲ್ಲಿ ಪ್ರಕಟವಾದ ಅದರ ಜೀನೋಮು ಮೃದ್ವಂಗಿಗಳದ್ದೇ ಎಂಬುದು ಸ್ಪಷ್ಟವಾಗಿದೆ.

ಬೊಂಡಾಸ್ ಆಮೋನೈಟಿನ ಸಂತಾನವೂ ಅಲ್ಲ; ಎರಡೂ ಒಂದೇ ಮೂಲದಿಂದ ಒಡೆದ ಕವಲುಗಳು. ಆಮೋನೈಟುಗಳ ಕವಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದೈತ್ಯ ಡೈನೋಸಾರುಗಳು ಅಳಿದ ಕಾಲದಲ್ಲಿಯೇ, ಸಂತತಿಯನ್ನುಳಿಸದೆ ನಶಿಸಿಹೋಯಿತು.