ಭಂಗಾರಕ್ಕೆ ಹಾಕುವ ಮುನ್ನ ಆ ಪೆಟ್ಟಿಗೆ ತೆರೆದು ನೋಡಿ

ಡೊಂಬಿವಲಿ ಎಂಐಡಿಸಿಯಲ್ಲಿ ಸಣ್ಣ ಲೇತ್ ಗಾಲಾ ನಡೆಸುತ್ತಿದ್ದ ನಮ್ಮ ನೆರೆಮನೆಯ ಹಿರಿಯರು ತೀರಿಕೊಂಡ ಮೇಲೆ ಮಗ ಜಾಗ ಖಾಲಿ ಮಾಡಿದ. ಲೇತ್‌ಗೆ ಗಿರಾಕಿ ಸಿಕ್ಕಿದ್ದ. ಮೂಲೆಯಲ್ಲಿದ್ದ ಎಣ್ಣೆ ಹಿಡಿದ ಮರದ ಪೆಟ್ಟಿಗೆ ಕಿಲೋ ಲೆಕ್ಕದಲ್ಲಿ ಭಂಗಾರದವನ ಪಾಲಾಯಿತು. (ನಮ್ಮ ಬಂಗಾರವಲ್ಲ, ಮುಂಬಯಿಯ ಭಂಗಾರ. ಈ ಕಥೆಯಲ್ಲಿ ಎರಡೂ ಒಂದೇ ಆಗಿತ್ತು ಅನ್ನಿ.) ಮರುದಿನ ಲೇತ್ ಒಯ್ಯಲು ಬಂದವನು ಮೊದಲು ಕೇಳಿದ್ದೇ ಆ ಪೆಟ್ಟಿಗೆಯನ್ನು. ಇಲ್ಲವೆಂದಾಗ ಮಾತಾಡಿದ ಬೆಲೆಯನ್ನೇ ಇಳಿಸಿದ.

ಮುಂಬಯಿ ಕನ್ನಡಿಗರೆಂದರೆ ಹೋಟೆಲಿನವರು ಎನ್ನುವುದು ರೂಢಿ. ಆದರೆ ಥಾಣೆಯ ವಾಗ್ಳೆ ಎಸ್ಟೇಟ್, ಕಲ್ಯಾಣ, ನವಿ ಮುಂಬಯಿಯ ಥಾಣೆ-ಬೇಲಾಪುರ ಪಟ್ಟಿಯ ಕಾರ್ಖಾನೆಗಳಲ್ಲಿ ಟರ್ನರ್, ಫಿಟ್ಟರ್ ಆಗಿ ಬಾಳು ಸವೆಸಿದ ನಮ್ಮವರೂ ಇದ್ದಾರೆ. ಲೇತ್‌ಗಳಲ್ಲೂ ನಮ್ಮ ಊರಿನವು ಉಂಟು: 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ. ಈಗ ಸಿಎನ್‌ಸಿ ಯಂತ್ರ ಬಂದು ಹಳೆಯವು ಮೂಲೆ ಸೇರುತ್ತಿವೆ, ಪೆಟ್ಟಿಗೆಗಳು ಹೊರಬೀಳುತ್ತಿವೆ.

ಪೆಟ್ಟಿಗೆಯಲ್ಲಿ ಭಾರದ್ದು ಚಕ್, ಕೆಲಸದ ತುಂಡನ್ನು ಕಚ್ಚಿ ಹಿಡಿಯುವುದು. ಮೂರು ದವಡೆಯದು ಟ್ರೂ ಚಕ್. ಒಂದು ಕೀಲಿ ತಿರುಗಿಸಿದರೆ ಮೂರೂ ಒಟ್ಟಿಗೆ ಸರಿಯುತ್ತವೆ, ದುಂಡು ಸಲಾಕೆಗೆ ಹೇಳಿ ಮಾಡಿಸಿದ್ದು. ನಾಲ್ಕು ದವಡೆಯದು ಡಾಗ್ ಚಕ್. ಒಂದೊಂದನ್ನೂ ಬೇರೆಬೇರೆ ತಿರುಗಿಸಬೇಕು, ಚೌಕ, ಓರೆಕೋರೆ ತುಂಡುಗಳಿಗೆ. ಟ್ರೂ ಚಕ್ಕಿನ ದವಡೆಗಳ ಮೇಲೆ 1, 2, 3 ಎಂದು ಕೊರೆದಿರುತ್ತದೆ. ಒಳಗಿನ ಹಲ್ಲು ಸುರುಳಿಯಾಗಿರುವುದರಿಂದ ಅದೇ ಕ್ರಮದಲ್ಲಿ ಕೂಡಿಸಬೇಕು, ತಪ್ಪಿದರೆ ತುಂಡು ನಡುಗೆಟ್ಟು ತಿರುಗುತ್ತದೆ. ಮೆಟ್ಟಿಲು ತಿರುವುಮುರುವಾದ ಇನ್ನೊಂದು ಜೊತೆ ದವಡೆಯೂ ಇರುತ್ತದೆ, ದೊಡ್ಡ ಅಳತೆಯ ತುಂಡಿಗೆ. ಪೆಟ್ಟಿಗೆಯ ತಳದಲ್ಲಿ ಬಿದ್ದಿರುವುದೇ ಅದು. ಬೇರೆ ಚಕ್ಕಿನ ದವಡೆ ಇದಕ್ಕೆ ಸರಿಯಾಗಿ ಒಗ್ಗುವುದಿಲ್ಲ.

ಸೀಳುಗಳಿರುವ ಅಗಲ ತಟ್ಟೆ ಫೇಸ್‌ಪ್ಲೇಟ್. ಬಾಲವಿರುವ ಉಂಗುರಕ್ಕೆ ಒಂದು ಸ್ಕ್ರೂ ಇದ್ದರೆ ಅದು ಕ್ಯಾರಿಯರ್. ಮೂರು ಬೆರಳಿನ ದೊಡ್ಡ ಬಳೆಯಂಥದ್ದು ಸ್ಟೆಡಿ, ಉದ್ದ ಶಾಫ್ಟ್ ಬಾಗದಂತೆ ಆಧಾರ. ಒಂದು ಮಗ್ಗುಲು ತೆರೆದು ಎರಡೇ ಬೆರಳಿದ್ದರೆ ಫಾಲೋವರ್, ಅದು ಟೂಲಿನ ಜೊತೆಗೇ ಚಲಿಸುತ್ತದೆ.

ನನಗೆ ಅತಿ ಇಷ್ಟದ್ದು ಗೇರುಗಳ ರಾಶಿಯಲ್ಲಿ ಹಲ್ಲೆಣಿಸಿ 127ರದನ್ನು ಹುಡುಕುವುದು. ಅಂಗುಲದ ಲೆಕ್ಕದ ಲೇತ್‌ನಲ್ಲಿ ಮಿಲಿಮೀಟರ್ ಥ್ರೆಡ್ ಕೊರೆಯಲು ಅದು ಬೇಕು. ಅಂಗುಲಕ್ಕೆ 25.4 ಮಿ.ಮೀ., ಐದು ಪಟ್ಟು ಮಾಡಿದರೆ 127. ಆ ಸಂಖ್ಯೆಯನ್ನು ಬೇರೆ ಸಂಖ್ಯೆಗಳಾಗಿ ಒಡೆಯಲು ಬರುವುದಿಲ್ಲ, ಹಾಗಾಗಿ ಚಿಕ್ಕ ಗೇರುಗಳನ್ನು ಜೋಡಿಸಿ ಕರಾರುವಾಕ್ಕಾಗಿ ಅದರ ಕೆಲಸ ಮಾಡಿಸಲಾಗದು. ಒಂದು ಹೋದರೆ ಹೋಯಿತು.

ಮನೆಯಲ್ಲಿ ಇಂಥ ಪೆಟ್ಟಿಗೆಯಿದ್ದರೆ ಸೀಮೆಎಣ್ಣೆಯಲ್ಲಿ ಒರೆಸಿ, ಪಾಲಿಶ್ ಕಾಗದ ಮಾತ್ರ ಮುಟ್ಟಿಸಬೇಡಿ. ದವಡೆಗಳನ್ನು ಅವುಗಳ ಚಕ್ಕಿಗೇ ಕಟ್ಟಿಡಿ. ಲೇತ್ ಮಾರುವಾಗ ಪೆಟ್ಟಿಗೆಯನ್ನೂ ಅದರ ಜೊತೆಗೇ ಬೆಲೆಗೆ ಹಿಡಿಯಿರಿ.

ನೆರೆಮನೆಯ ಹುಡುಗ ಅಂದೇ ಸಂಜೆ ಭಂಗಾರದವನಲ್ಲಿಗೆ ಓಡಿದ್ದ. ಚಕ್ ಸಿಕ್ಕಿತು. ದವಡೆಗಳು 1 ಮತ್ತು 3 ಸಿಕ್ಕಿದವು.