ಹದಿನೈದು ಸಾವಿರ ತೊಟ್ಟಿಲುಗಳ ಅಜ್ಜಿ

ತಾಯಿಯ ಮಡಿಲಿಗೂ ಮುನ್ನ ತನ್ನನ್ನು ಹಿಡಿದ ಕೈ ಯಾರದೆಂಬುದನ್ನು ಯಾವ ಮಗುವೂ ಅರಿಯದು. ದೊಡ್ಡವರಾದ ಮೇಲೆ ಹೇಳುವವರಿದ್ದರೆ ಕೇಳಿ ತಿಳಿಯಬೇಕು, ಅಷ್ಟೆ. ತುಮಕೂರು ಜಿಲ್ಲೆಯ ಪಾವಗಡದ ಸೀಮೆಯಲ್ಲಿ ಹೀಗೆ ಕೇಳಿದ ಸಾವಿರಾರು ಮಂದಿಗೆ ದೊರೆತ ಉತ್ತರ ಒಂದೇ ಹೆಸರು: ಕೃಷ್ಣಾಪುರದ ನರಸಮ್ಮ. ಸೂಲಗಿತ್ತಿ ನರಸಮ್ಮನೆಂದು ನಾಡೆಲ್ಲ ಅರಿತಿದ್ದ ಆ ಹಿರಿಯ ಜೀವ ೨೦೧೮ರ ಡಿಸೆಂಬರ್ ೨೫ರಂದು ತೀರಿಕೊಂಡಾಗ ಅವರಿಗೆ ತೊಂಬತ್ತೆಂಟು ವರ್ಷ. ಅವರದೇ ಮೊಮ್ಮಕ್ಕಳು, ಮರಿಮಕ್ಕಳ ಬಳಗ ದೊಡ್ಡದು. ಆದರೆ ಅವರನ್ನು ಅಜ್ಜಿಯೆಂದು ಕರೆಯುತ್ತಿದ್ದವರ ಬಳಗ ಅದಕ್ಕಿಂತ ಎಷ್ಟೋ ಪಾಲು ದೊಡ್ಡದು.

'ಸೂಲಗಿತ್ತಿ' ಎಂಬ ಮಾತನ್ನು ಇಂದಿನ ಎಳೆಯರು ಕೇಳಿರಲಾರರು. ಸೂಲು ಎಂದರೆ ಹೆರಿಗೆ. ಎರಡನೆಯ ಸೂಲಿನ ಹಸು ಎಂದು ರೈತರು ಈಗಲೂ ಆಡುವ ಮಾತಿನಲ್ಲಿ ಆ ಶಬ್ದ ಉಳಿದುಕೊಂಡಿದೆ. ಹೂವಾಡಗಿತ್ತಿ, ಅಗಸಗಿತ್ತಿ ಎಂಬಂತೆ ಸೂಲಗಿತ್ತಿ. ಹೆಸರಿನಲ್ಲೇ ಹೇಳಿರುವಂತೆ ಇದು ಹೆಂಗಸರ ಕಸುಬು. ಹೆಂಗಸಿನಿಂದ ಹೆಂಗಸಿಗೆ ಬರುವ ಕಸುಬು. ಬಹುಕಾಲ ಇದು ಬಡವರ, ಊರಿನ ಅಂಚಿನಲ್ಲಿ ಬದುಕಿದವರ ಪಾಲಿಗೆ ಬಂದದ್ದೂ ಉಂಟು. ಉಳಿದ ದಿನಗಳಲ್ಲಿ ಅಂಗಳದಲ್ಲೇ ನಿಲ್ಲಿಸಿ ಮಾತನಾಡಿಸುತ್ತಿದ್ದ ಹೆಂಗಸನ್ನು ನೋವು ಬಂದ ರಾತ್ರಿ ಮಾತ್ರ ನಡುಮನೆ ದಾಟಿಸಿ ಒಳಗೆ ಕರೆದೊಯ್ದ ಮನೆಗಳು ನಮ್ಮ ನಾಡಿನಲ್ಲಿ ಕಡಮೆಯೇನಲ್ಲ.

ಪಾವಗಡದ ನೆಲವನ್ನು ಒಮ್ಮೆ ನೋಡಿದವರಿಗೆ ಅಲ್ಲಿ ಸೂಲಗಿತ್ತಿಯ ಬೆಲೆ ಏನೆಂಬುದು ಬೇಗ ತಿಳಿಯುತ್ತದೆ. ತುಮಕೂರು ಜಿಲ್ಲೆಗೆ ಸೇರಿದ್ದರೂ ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ತಾಲ್ಲೂಕು ಅದು. ಮಧುಗಿರಿಯಿಂದ ಪಾವಗಡಕ್ಕೆ ಹೊರಟವನು ನಡುವೆ ಆಂಧ್ರವನ್ನು ಹಾಯ್ದು ಮತ್ತೆ ಕರ್ನಾಟಕಕ್ಕೆ ಕಾಲಿಡಬೇಕು. ಬಂಡೆಗಲ್ಲಿನ ಬೆಟ್ಟಗಳು, ಬತ್ತಿದ ಕೆರೆಗಳು, ಮಳೆಯನ್ನು ನಂಬಿದ ಕಡಲೆಕಾಯಿಯ ಹೊಲಗಳು. ಮನೆಯಲ್ಲೊಂದು, ಸಂತೆಯಲ್ಲೊಂದು ಎಂಬಂತೆ ಕನ್ನಡ ತೆಲುಗುಗಳೆರಡೂ ಆಡುವ ಜನ. ಈಚೆಗೆ ಆ ತಾಲ್ಲೂಕಿನ ಹದಿಮೂರು ಸಾವಿರ ಎಕರೆಯಷ್ಟು ನೆಲದಲ್ಲಿ ಸೂರ್ಯನ ಬೆಳಕಿನಿಂದ ವಿದ್ಯುತ್ತು ತೆಗೆಯುವ ಹಲಗೆಗಳು ಹರಡಿಕೊಂಡು, ಪಾವಗಡದ ಬಿಸಿಲಿಗೂ ಒಂದು ಕೀರ್ತಿ ಬಂದಿದೆ. ನರಸಮ್ಮನವರು ಕೆಲಸ ಕಲಿತ ಕಾಲದಲ್ಲಿ ಹಳ್ಳಿಯ ಹೆರಿಗೆಯ ಕೋಣೆಗೆ ಸೀಮೆಎಣ್ಣೆಯ ಬುಡ್ಡಿಯೇ ದೀಪ. ಬೆಂಗಳೂರಿನಲ್ಲಿ ೧೯೩೫ರಲ್ಲಿ ವಾಣಿವಿಲಾಸ ಆಸ್ಪತ್ರೆಯೇನೋ ತೆರೆದಿತ್ತು. ಪಾವಗಡದ ಬಸುರಿಗೆ ಅದು ಕಾಶಿಯಷ್ಟೇ ದೂರ.

ನರಸಮ್ಮನವರಿಗೆ ಹನ್ನೆರಡನೆಯ ವಯಸ್ಸಿಗೇ ಮದುವೆಯಾಯಿತು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ಪಾಠಶಾಲೆ ಅವರ ಅಜ್ಜಿ ಮರಿಗೆಮ್ಮ. ಊರಿನ ಹೆರಿಗೆಗಳನ್ನು ನೋಡಿಕೊಳ್ಳುತ್ತಿದ್ದ ಮರಿಗೆಮ್ಮ ಮೊಮ್ಮಗಳಿಗೆ ಆ ವಿದ್ಯೆಯನ್ನು ಧಾರೆಯೆರೆದಳು. ಬಾಯಿಮಾತಿನಿಂದ ಕಲಿಸುವಂಥ ವಿದ್ಯೆ ಅದಲ್ಲ. ಅಜ್ಜಿಯ ಕೈ ಎಲ್ಲಿ ಒತ್ತುತ್ತದೆ, ಎಲ್ಲಿ ಸುಮ್ಮನಿರುತ್ತದೆ, ಯಾವ ಕೂಗಿಗೆ ಹೆದರಬೇಕು, ಯಾವ ಮೌನಕ್ಕೆ ಇನ್ನೂ ಹೆಚ್ಚು ಹೆದರಬೇಕು ಎಂಬುದನ್ನು ಪಕ್ಕದಲ್ಲಿ ಕುಳಿತು ಕಂಡೇ ಕಲಿಯಬೇಕು. ನರಸಮ್ಮನವರು ಇನ್ನೊಂದು ಬಗೆಯಲ್ಲಿಯೂ ಕಲಿತರು: ಅವರದೇ ಐದು ಹೆರಿಗೆಗಳನ್ನು ಮಾಡಿಸಿದವಳು ಆ ಅಜ್ಜಿಯೇ. ಕಲಿಸುವವಳ ಕೈ ಹೇಗಿರಬೇಕೆಂಬುದನ್ನು ನೋವುಣ್ಣುವವಳ ಕಡೆಯಿಂದ ಅರಿತ ಶಿಷ್ಯೆ ಎಷ್ಟು ವಿದ್ಯೆಗಳಲ್ಲಿ ಸಿಕ್ಕಾಳು? ೧೯೪೦ರಲ್ಲಿ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, ಹತ್ತಿರದ ಬಂಧುವೊಬ್ಬಳ ಹೆರಿಗೆಯಲ್ಲಿ ಅವರು ಮೊದಲ ಬಾರಿಗೆ ಕೈಯಿಟ್ಟರು.

ಹನ್ನೆರಡು ಮಕ್ಕಳನ್ನು ಹೆತ್ತ ಆ ತಾಯಿ ನಾಲ್ವರನ್ನು ಎಳವೆಯಲ್ಲಿಯೇ ಕಳೆದುಕೊಂಡರು. ಅವರ ಬಾಳಿನ ಕಥೆ ಹೇಳುವವರು ಹದಿನೈದು ಸಾವಿರವೆಂಬ ದೊಡ್ಡ ಲೆಕ್ಕಕ್ಕೆ ಬೆರಗಾಗಿ ಈ ನಾಲ್ಕರ ಸಣ್ಣ ಲೆಕ್ಕವನ್ನು ಮರೆಯುವುದುಂಟು. ಬೇರೆಯವರ ಮನೆಯ ಬಾಗಿಲಲ್ಲಿ ಅವರು ನಿಂತಾಗ ಒಳಗೆ ಏನು ಗೆಲ್ಲಬಹುದು, ಏನು ಸೋಲಬಹುದು ಎಂಬುದು ಅವರಿಗೆ ಯಾರೂ ಹೇಳಿ ತಿಳಿಯಬೇಕಾದ ಮಾತಾಗಿರಲಿಲ್ಲ.

ಊರಿಗೆ ಬಂದು ಬೀಡುಬಿಡುತ್ತಿದ್ದ ಅಲೆಮಾರಿ ಜನರಿಂದ ಅವರು ಬಸುರಿ ಬಾಣಂತಿಯರಿಗೆ ಬೇಕಾದ ಸೊಪ್ಪುಬೇರುಗಳ ಗುಣವನ್ನು ಕಲಿತರು. ಕೈಯ ವಿದ್ಯೆ ಅಜ್ಜಿಯದು, ಔಷಧದ ವಿದ್ಯೆ ಅಲೆಮಾರಿಗಳದು. ಎರಡನ್ನೂ ಕೂಡಿಸಿದ್ದು ನರಸಮ್ಮನವರ ಬುದ್ಧಿ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಮಗುವಿನ ತಲೆ ಯಾವ ಕಡೆಗಿದೆ, ಅದರ ನಾಡಿ ಹೇಗಿದೆ ಎಂದು ಹೇಳಬಲ್ಲರೆಂದು ಅವರಿಗೆ ಖ್ಯಾತಿ.

ಹಳ್ಳಿಯ ಹೆರಿಗೆಯನ್ನು ಕಂಡ ಹಿರಿಯರಿಗೆ ಆ ಕೋಣೆಯ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗೆ ಜಗಲಿಯ ಮೇಲೆ ಬೀಡಿ ಸೇದುತ್ತ, ಏಳುತ್ತ ಕೂರುತ್ತ ಇರುವ ಗಂಡಸರು, ಒಲೆಯ ಮೇಲೆ ಮರಳುವ ನೀರು, ಮೆತ್ತಗಾದ ಹಳೆಯ ಸೀರೆಯ ತುಂಡುಗಳು, ಬಟ್ಟಲಲ್ಲಿ ಹರಳೆಣ್ಣೆ. ಮಗು ಅತ್ತಿತೆಂದು ಸೂಲಗಿತ್ತಿ ಎದ್ದು ಹೋಗುವಂತಿಲ್ಲ. ಮಾಸು ಪೂರ್ತಿ ಬೀಳಬೇಕು, ಹೊಕ್ಕುಳ ಬಳ್ಳಿಯ ಕೆಲಸ ಆಗಬೇಕು, ತಾಯಿಯ ಮುಖಕ್ಕೆ ಬಣ್ಣ ಮರಳಬೇಕು. ಆಮೇಲೆ ಎಣ್ಣೆ ನೀರು, ಸಾಂಬ್ರಾಣಿಯ ಹೊಗೆ, ಹೊಟ್ಟೆ ಕಟ್ಟುವುದು. ಇಷ್ಟೆಲ್ಲ ಕೆಲಸಕ್ಕೆ ಅನೇಕ ಕಡೆ ಕೂಲಿಯೆಂದರೆ ಒಂದಿಷ್ಟು ಕಾಳು, ಎಲೆಅಡಿಕೆ, ಒಂದು ರವಿಕೆ ಕಣ. ನರಸಮ್ಮನವರು ಹೆರಿಗೆಗೆ ಹಣ ಕೇಳಿದವರಲ್ಲ. ಏಳು ದಶಕಗಳಲ್ಲಿ ಹದಿನೈದು ಸಾವಿರ ಹೆರಿಗೆಗಳೆಂದರೆ ವಾರಕ್ಕೆ ನಾಲ್ಕರಂತೆ ಬೀಳುತ್ತದೆ. ಮನೆಯಲ್ಲಿ ತಮ್ಮದೇ ಕೂಸುಗಳಿರುವಾಗ, ಹೊಲದ ದುಡಿಮೆ ಕಾದಿರುವಾಗ, ವಾರಕ್ಕೆ ನಾಲ್ಕು!

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಅರ್ಧವೇ ಆದೀತು. ನರಸಮ್ಮನವರ ಕೈ ಚಳಕವುಳ್ಳದ್ದು. ಆದರೆ ಪ್ರತಿಯೊಂದು ಹಳ್ಳಿಗೂ ಒಬ್ಬ ನರಸಮ್ಮ ಇರಲಿಲ್ಲ. ಹೆರಿಗೆಯಾದ ಮೇಲೆ ರಕ್ತ ನಿಲ್ಲದಾದರೆ ಎಂಥ ಕೈಯೂ ಸೋಲುತ್ತದೆ. ಶುಚಿಯಿಲ್ಲದ ಕುಡುಗೋಲಿನಿಂದ ಬಳ್ಳಿ ಕೊಯ್ದು ಧನುರ್ವಾಯುವಿಗೆ ತುತ್ತಾದ ಹಸುಳೆಗಳನ್ನು ಎಣಿಸಿಟ್ಟವರಿಲ್ಲ. ೨೦೦೫ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದು ಬಡ ಹೆಂಗಸರು ಆಸ್ಪತ್ರೆಯಲ್ಲಿ ಹೆರಲು ಧನಸಹಾಯ ದೊರೆಯಿತು. ೨೦೦೮ರಿಂದ ೧೦೮ರ ವಾಹನ ಹಳ್ಳಿಗಳಿಗೂ ಓಡಾಡತೊಡಗಿತು. ೨೦೦೧-೦೩ರ ಅವಧಿಯಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ೨೨೮ ತಾಯಂದಿರು ಸಾಯುತ್ತಿದ್ದರು. ೨೦೧೬-೧೮ರ ಹೊತ್ತಿಗೆ ಆ ಸಂಖ್ಯೆ ೯೨ಕ್ಕೆ ಇಳಿದಿತ್ತು. ಸೂಲಗಿತ್ತಿಯ ಕಸುಬು ಅಳಿಯಿತೆಂದು ಮರುಗುವವರು ಈ ಎರಡು ಅಂಕಿಗಳ ನಡುವೆ ಉಳಿದ ತಾಯಂದಿರನ್ನೂ ನೆನೆಯಬೇಕಾಗುತ್ತದೆ.

ಆದರೂ ಆ ಕೋಣೆಯಲ್ಲಿದ್ದ ಒಂದು ಸಂಗತಿಯನ್ನು ಆಸ್ಪತ್ರೆಗಳು ಬಹುಕಾಲ ಬಾಗಿಲ ಹೊರಗೇ ನಿಲ್ಲಿಸಿದ್ದವು. ಪರಿಚಿತವಾದ ಒಂದು ಮುಖ, ಬೆನ್ನು ನೀವುವ ಒಂದು ಕೈ, ಆತುರಪಡಿಸದೆ ರಾತ್ರಿಯಿಡೀ ಕಾಯುವ ತಾಳ್ಮೆ. ವಿಶ್ವ ಆರೋಗ್ಯ ಸಂಸ್ಥೆ ೨೦೧೮ರ ಫೆಬ್ರವರಿಯಲ್ಲಿ ಹೆರಿಗೆಯ ಬಗೆಗೆ ಹೊರಡಿಸಿದ ಸಲಹೆಗಳಲ್ಲಿ, ಹೆರುವವಳು ತನಗೆ ಬೇಕಾದವರನ್ನು ಜೊತೆಯಲ್ಲಿ ಇರಿಸಿಕೊಳ್ಳಬೇಕು, ನೋವಿನ ವೇಳೆ ಅವಳಿಗೆ ಓಡಾಡಲು ಬಿಡಬೇಕು ಎಂಬ ಮಾತುಗಳಿವೆ. ಮರಿಗೆಮ್ಮ ಕೇಳಿದ್ದರೆ, ಇದನ್ನೂ ಬರೆದು ತಿಳಿಸಬೇಕೇ ಎಂದು ಅಚ್ಚರಿಪಡುತ್ತಿದ್ದಳೇನೋ!

ಮನ್ನಣೆಯೆಲ್ಲ ಬಂದದ್ದು ತೊಂಬತ್ತರ ಆಚೆಗೆ. ೨೦೧೨ರಲ್ಲಿ ದೇವರಾಜ ಅರಸು ಪ್ರಶಸ್ತಿ, ೨೦೧೪ರಲ್ಲಿ ತುಮಕೂರು ವಿಶ್ವವಿದ್ಯಾಲಯದಿಂದ ಗೌರವ ಡಾಕ್ಟರೇಟು. ಅಕ್ಷರವರಿಯದ ಅಜ್ಜಿ ಡಾಕ್ಟರಾದರೆಂದು ಅಂದು ನಕ್ಕವರಿದ್ದರೆ, ಅದು ಸಂತೋಷದ ನಗೆಯೇ ಆಗಿದ್ದೀತು. ೨೦೧೮ರಲ್ಲಿ ಪದ್ಮಶ್ರೀ. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನಮ್ಮ ದೇಶದ ಸೂಲಗಿತ್ತಿ ಸೇವೆಗೆ ಹೊಸ ಮಾರ್ಗಸೂಚಿಯೊಂದನ್ನು ಹೊರತಂದಿತು. ದಾದಿಯರಲ್ಲಿ ಕೆಲವರನ್ನು ಆಯ್ದು, ಸಹಜವಾದ ಹೆರಿಗೆಯನ್ನು ತಾವಾಗಿಯೇ ನಡೆಸಬಲ್ಲವರಾಗುವಂತೆ ಹದಿನೆಂಟು ತಿಂಗಳು ತರಬೇತಿ ಕೊಡಬೇಕೆಂಬುದು ಅದರ ಉದ್ದೇಶ. ಆ ತಿಂಗಳ ಇಪ್ಪತ್ತೈದನೆಯ ತಾರೀಖಿನಂದೇ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ, ಮರಿಗೆಮ್ಮನ ಮೊಮ್ಮಗಳು ಕಣ್ಣು ಮುಚ್ಚಿದ್ದು.